ನಿಮಗಿದು ಗೊತ್ತೇ? ಮನೆಯಲ್ಲೇ ಹಾಡಿ ಸಿಡಿ ಮಾಡುವ ಮುನ್ನ

ಭಜನಾ ಮಂಡಳಿಯ ದೇವರನಾಮಗಳು, ಮಗಳ ರಂಗಪ್ರವೇಶದ ಹಾಡುಗಳು, ಗೆಳೆಯರ ಬ್ಯಾಂಡಿನ ಸ್ವಂತ ರಚನೆಗಳು: ಮನೆಯಲ್ಲೇ ರೆಕಾರ್ಡ್ ಮಾಡಿ, ಕೈಗೆ ಕೊಡುವಂಥ ಒಂದು ಸಿಡಿ ತರಬೇಕೆಂಬ ಆಸೆ ಇನ್ನೂ ಹಲವರಿಗಿದೆ. ಡಿಸ್ಕ್ ಬರೆಯಲು ಐದು ನಿಮಿಷ ಸಾಕು. ಆದರೆ ಒಮ್ಮೆ ಬರೆದದ್ದನ್ನು ಅಳಿಸಲಾಗದು, ತಿದ್ದಲಾಗದು. ಹಾಗಾಗಿ ಈ ಕೆಲಸದ ಜಾಣತನವೆಲ್ಲ ‘ಬರ್ನ್’ ಬಟನ್ ಒತ್ತುವ ಮೊದಲೇ ಮುಗಿದಿರಬೇಕು. ಆ ಮೊದಲಿನ ಸಂಗತಿಗಳು, ನಂತರದ ಕೆಲವು ಸಂಗತಿಗಳು ಇಲ್ಲಿವೆ.

ಮನೆಯೇ ಸ್ಟುಡಿಯೋ

● ಬೀಟಲ್ಸ್ ತಂಡ ಒಡೆಯುತ್ತಿದ್ದ ಹೊತ್ತಿಗೆ ಪಾಲ್ ಮೆಕಾರ್ಟ್ನಿ ಲಂಡನ್ನಿನ ತಮ್ಮ ಮನೆಗೆ ನಾಲ್ಕು ಟ್ರ್ಯಾಕಿನ ಸ್ಟೂಡರ್ ಟೇಪ್ ಯಂತ್ರವೊಂದನ್ನು ತರಿಸಿಕೊಂಡರು. ಮಿಕ್ಸರ್ ಇರಲಿಲ್ಲ, ದನಿಯ ಮಟ್ಟ ತೋರಿಸುವ ಮೀಟರೂ ಇರಲಿಲ್ಲ. ಮೈಕನ್ನು ನೇರವಾಗಿ ಯಂತ್ರಕ್ಕೆ ಸಿಕ್ಕಿಸಿ, ವಾದ್ಯಗಳನ್ನೆಲ್ಲ ತಾವೇ ನುಡಿಸಿದರು. 1970ರ ಏಪ್ರಿಲ್‌ನಲ್ಲಿ ಬಂದ ‘ಮೆಕಾರ್ಟ್ನಿ’ ಆಲ್ಬಮ್ಮಿನ ಹಲವು ಹಾಡುಗಳು ಹುಟ್ಟಿದ್ದು ಹೀಗೆ.

● ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್ ಹಿಡಿಯುವ ಮೊದಲ ಯಂತ್ರ ಜಪಾನಿನ ಟಿಯಾಕ್ ಕಂಪನಿಯ ‘ಪೋರ್ಟಾಸ್ಟುಡಿಯೋ 144’. ಬಂದದ್ದು 1979ರಲ್ಲಿ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಮನೆಯ ಕೋಣೆಯಲ್ಲಿ ಕೂತು, ಎರಡು ಮೈಕ್ ಇಟ್ಟುಕೊಂಡು, ಇದರಲ್ಲೇ ಹಾಡಿದರು. ಉದ್ದೇಶವಿದ್ದದ್ದು ತಂಡದವರಿಗೆ ಕೇಳಿಸಲು ಒಂದು ಮಾದರಿ ಮಾಡುವುದಷ್ಟೇ. ಆಮೇಲೆ ದೊಡ್ಡ ಸ್ಟುಡಿಯೋದಲ್ಲಿ ಎಷ್ಟು ತಿಣುಕಿದರೂ ಆ ಕ್ಯಾಸೆಟ್ಟಿನ ಗುಣ ಬರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟೇ ‘ನೆಬ್ರಾಸ್ಕಾ’ ಆಲ್ಬಮ್ಮಾಗಿ ಅದೇ ವರ್ಷ ಮಾರುಕಟ್ಟೆಗೆ ಬಂತು.

● ‘ಬಾನ್ ಈವೇರ್’ ಹೆಸರಿನಲ್ಲಿ ಹಾಡುವ ಜಸ್ಟಿನ್ ವರ್ನನ್ 2006–07ರ ಚಳಿಗಾಲವನ್ನು ಅಮೆರಿಕದ ವಿಸ್ಕಾನ್ಸಿನ್ ಕಾಡಿನ ನಡುವೆ ತಂದೆಯ ಮನೆಯೊಂದರಲ್ಲಿ ಕಳೆದರು. ಅಲ್ಲಿ ಹುಟ್ಟಿದ ಹಾಡುಗಳನ್ನು 2007ರಲ್ಲಿ ತಾವೇ ಹೊರತಂದಾಗ ಹಾಕಿಸಿದ್ದು ಬರೀ 500 ಸಿಡಿ. ಕಂಪನಿಗಳು ಬೆನ್ನು ಹತ್ತಿದ್ದು ಆಮೇಲೆ.

● ಮನೆ ರೆಕಾರ್ಡಿಂಗ್ ಮಾಡುವವರು ಇಂದಿಗೂ ನೆಚ್ಚಿಕೊಂಡಿರುವ ‘ಆಡಾಸಿಟಿ’ ತಂತ್ರಾಂಶ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. 2000ದಲ್ಲಿ ಸಾರ್ವಜನಿಕರ ಕೈಸೇರಿತು. ಅಂದಿಗೂ ಪುಕ್ಕಟೆ, ಇಂದಿಗೂ ಪುಕ್ಕಟೆ.

● ರೆಕಾರ್ಡಿಂಗಿನ ತಳದಲ್ಲಿ ಸಣ್ಣಗೆ ‘ಗುಂಯ್’ ಎನ್ನುವ ಸದ್ದು ಕೇಳುತ್ತಿದೆಯೇ? ಅದು ನಮ್ಮ ಕರೆಂಟಿನ ದನಿ. ಭಾರತದ ವಿದ್ಯುತ್ ಸೆಕೆಂಡಿಗೆ 50 ಸಲ ಅತ್ತಿತ್ತ ತಿರುಗುತ್ತದೆ. ಆ 50 ಹರ್ಟ್ಝ್, ಅದರ ದುಪ್ಪಟ್ಟು 100 ಹರ್ಟ್ಝ್ ಎರಡೂ ತಂತಿಯ ಮೂಲಕ ನುಸುಳುತ್ತವೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿದರೆ ಅನೇಕ ಸಲ ಗುಂಯ್ಗುಡುವಿಕೆ ಅಲ್ಲಿಗೇ ನಿಲ್ಲುತ್ತದೆ.

● ಗಿಲಾವು ಮಾಡಿದ ಬರಿಗೋಡೆ ದನಿಯನ್ನು ಹಿಂದಕ್ಕೆಸೆಯುತ್ತದೆ, ದಪ್ಪ ಕಂಬಳಿ ನುಂಗುತ್ತದೆ. ಹಾಡುವವರ ಬೆನ್ನ ಹಿಂದೆ ಕಂಬಳಿ ಇಳಿಬಿಟ್ಟರೆ, ಸೀರೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟರೆ ಕೋಣೆಯ ಮಾರ್ದನಿ ತಗ್ಗುತ್ತದೆ. ಆದರೆ ಬಟ್ಟೆ ಹಿಡಿಯುವುದು ಏರು ಸ್ವರಗಳನ್ನು ಮಾತ್ರ. ಮೃದಂಗದ ತೊಪ್ಪಿಯ ಗುಮುಕಿಗೆ ಕಂಬಳಿ ಲೆಕ್ಕಕ್ಕಿಲ್ಲ.

● ಇಬ್ಬರು ಅಕ್ಕಪಕ್ಕ ಕೂತು ಎರಡು ಮೈಕಿನಲ್ಲಿ ಹಾಡುವಾಗ ಒಂದು ಹಳೆಯ ಲೆಕ್ಕವಿದೆ. ಬಾಯಿಗೂ ಮೈಕಿಗೂ ಇರುವ ದೂರದ ಮೂರು ಪಟ್ಟಾದರೂ ಅಂತರ ಎರಡು ಮೈಕುಗಳ ನಡುವೆ ಇರಬೇಕು. ಇಲ್ಲವಾದರೆ ಒಬ್ಬರ ದನಿ ಎರಡೂ ಮೈಕಿಗೆ ಕೊಂಚ ಹಿಂದುಮುಂದಾಗಿ ತಲುಪಿ, ಕೂಡಿಸಿದಾಗ ಟೊಳ್ಳಾಗಿ ಕೇಳುತ್ತದೆ.

● ಟೇಪಿನ ಕಾಲದಲ್ಲಿ ದನಿ ಕೊಂಚ ಮಿತಿಮೀರಿದರೆ ನಯವಾಗಿ ಒರಟಾಗುತ್ತಿತ್ತು. ಡಿಜಿಟಲ್‌ನಲ್ಲಿ ಆ ದಾಕ್ಷಿಣ್ಯವಿಲ್ಲ. ಮೀಟರಿನಲ್ಲಿ ಸೊನ್ನೆ ಡೆಸಿಬೆಲ್ ಎಂದರೆ ಕೊನೆಯ ಗೆರೆ. ಅದನ್ನು ದಾಟಿದ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಮತ್ತೆ ಹುಟ್ಟುವುದಿಲ್ಲ. ತಾರಸ್ಥಾಯಿಗೆ ಏರುವ ಸಾಲನ್ನು ಮೊದಲು ಹಾಡಿಸಿ ನೋಡಿಯೇ ಮಟ್ಟ ಇಡಬೇಕು.

ಅಂಕಿಗಳ ಆಟ

● ಆಡಿಯೋ ಸಿಡಿಯ ನಿಯಮಗಳಿರುವ ಕಡತಕ್ಕೆ ‘ರೆಡ್ ಬುಕ್’ ಎಂದು ಹೆಸರು. ಫಿಲಿಪ್ಸ್, ಸೋನಿ ಸೇರಿ 1980ರಲ್ಲಿ ಬರೆದದ್ದು. ಸೆಕೆಂಡಿಗೆ ದನಿಯ 44,100 ಮಾದರಿ (ಸ್ಯಾಂಪಲ್), ಪ್ರತಿ ಮಾದರಿಗೆ 16 ಬಿಟ್, ಎಡಕ್ಕೊಂದು ಬಲಕ್ಕೊಂದು ಎಂದು ಎರಡು ವಾಹಿನಿ. ನಿಮ್ಮ ಮನೆಯ ಹಾಡು ಡಿಸ್ಕಿಗೆ ಹೋಗುವ ಮೊದಲು ಈ ಅಳತೆಗೆ ಬಗ್ಗಲೇಬೇಕು.

● ಅದೇಕೆ 44,100? ಡಿಜಿಟಲ್ ದನಿಯನ್ನು ಆರಂಭದಲ್ಲಿ ಶೇಖರಿಸುತ್ತಿದ್ದದ್ದು ವಿಡಿಯೋ ಟೇಪಿನಲ್ಲಿ. ಚಿತ್ರದ ಒಂದೊಂದು ಗೆರೆಯಲ್ಲಿ ಮೂರು ಮಾದರಿ ಕೂರುತ್ತಿದ್ದವು. ಅಮೆರಿಕ–ಜಪಾನಿನ ವಿಡಿಯೋದಲ್ಲಿ 245 ಗೆರೆ, 60 ಸಲ, 3 ಮಾದರಿ. ಯುರೋಪಿನದರಲ್ಲಿ 294 ಗೆರೆ, 50 ಸಲ, 3 ಮಾದರಿ. ಗುಣಿಸಿ ನೋಡಿ, ಎರಡರ ಉತ್ತರವೂ 44,100!

● ಗಣಿತಪ್ರಿಯರಿಗೊಂದು ಕೊಸರು: 44,100 ಎಂದರೆ 210ರ ವರ್ಗ. 2, 3, 5, 7 ಎಂಬ ಮೊದಲ ನಾಲ್ಕು ಅವಿಭಾಜ್ಯ ಸಂಖ್ಯೆಗಳ ವರ್ಗಗಳನ್ನು ಗುಣಿಸಿದರೂ ಅದೇ ಬರುತ್ತದೆ.

● ಮನುಷ್ಯರ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಝ್‌ವರೆಗೆ ಕೇಳುತ್ತದೆ. ಒಂದು ಅಲೆಯನ್ನು ಹಿಡಿಯಲು ಅದರ ದುಪ್ಪಟ್ಟಿಗಿಂತ ಹೆಚ್ಚು ಮಾದರಿ ಬೇಕು. 44,100ರಲ್ಲಿ ಅರ್ಧ 22,050. ಕಿವಿಯ ಮಿತಿ ದಾಟಿ ಕೊಂಚ ಜಾಗವೂ ಮಿಕ್ಕಿತು.

● 16 ಬಿಟ್ ಎಂದರೆ ದನಿಯ ಏರಿಳಿತಕ್ಕೆ 65,536 ಮೆಟ್ಟಿಲು, ಸುಮಾರು 96 ಡೆಸಿಬೆಲ್ ಹರವು. 24 ಬಿಟ್‌ನಲ್ಲಿ ಮೆಟ್ಟಿಲುಗಳು 1 ಕೋಟಿ 67 ಲಕ್ಷಕ್ಕೂ ಹೆಚ್ಚು. ಅದಕ್ಕೇ ರೆಕಾರ್ಡಿಂಗನ್ನು 24 ಬಿಟ್‌ನಲ್ಲಿ ಮಾಡಿ, ಎಲ್ಲ ತಿದ್ದುಪಡಿ ಮುಗಿದ ಮೇಲೆ ಕಟ್ಟಕಡೆಗೆ ಒಂದೇ ಸಲ 16ಕ್ಕೆ ಇಳಿಸುವುದು ವಾಡಿಕೆ.

● ಹಾಗೆ ಇಳಿಸುವಾಗ ತಂತ್ರಾಂಶ ಬೇಕೆಂದೇ ಒಂದು ಚೂರು ‘ಸುಸ್’ ಎನ್ನುವ ಗದ್ದಲ ಬೆರೆಸುತ್ತದೆ. ಹೆಸರು ಡಿದರ್. ಕೆಡಿಸುವ ಕೆಲಸದಂತೆ ಕಂಡರೂ ನಡೆಯುವುದು ಉಲ್ಟಾ: ತಂಬೂರಿಯ ನಾದ ಕರಗಿ ಸಣ್ಣದಾಗುವ ಕಡೆ ಕರಕರ ಬರದಂತೆ ತಡೆಯುವುದು ಈ ಗದ್ದಲವೇ. ಒಂದು ಹಾಡಿಗೆ ಒಮ್ಮೆ ಮಾತ್ರ, ಕೊನೆಯಲ್ಲಿ ಮಾತ್ರ ಬೆರೆಸಬೇಕು.

● ವಿಡಿಯೋ ಜೊತೆಗಿನ ದನಿ ಸಾಮಾನ್ಯವಾಗಿ 48,000 ಹರ್ಟ್ಝ್‌ನದು. ಅದನ್ನು ಪರಿವರ್ತಿಸದೆ 44,100 ಎಂದು ಸುಮ್ಮನೆ ಹಣೆಪಟ್ಟಿ ಹಚ್ಚಿದರೆ ಏನಾಗುತ್ತದೆ? ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗಿಳಿಯುತ್ತದೆ, 5 ನಿಮಿಷದ ಕೃತಿ 5 ನಿಮಿಷ 26 ಸೆಕೆಂಡಿಗೆ ಎಳೆದುಕೊಳ್ಳುತ್ತದೆ. ಹಾಡಿದವರಿಗೆ ತಮ್ಮ ದನಿಯೇ ತಮ್ಮದಲ್ಲ ಅನ್ನಿಸುತ್ತದೆ.

● ಎಂಪಿ3 ಹಾಡನ್ನು ಆಡಿಯೋ ಸಿಡಿಗೆ ಬರೆದರೆ ಗುಣಮಟ್ಟ ಏರುವುದಿಲ್ಲ. ಸಿಡಿಯ ದನಿ ಸೆಕೆಂಡಿಗೆ 1,411 ಕಿಲೋಬಿಟ್, 128ರ ಎಂಪಿ3 ಅದರ ಹನ್ನೊಂದರಲ್ಲಿ ಒಂದು ಪಾಲು. ಬಿಟ್ಟುಹೋದ ಹತ್ತು ಪಾಲು ಡಿಸ್ಕಿಗೆ ಬಂದಾಗ ಮರಳಿ ಬರುವುದಿಲ್ಲ, ಜಾಗ ಮಾತ್ರ ತುಂಬುತ್ತದೆ. ವೇವ್ ಕಡತದಿಂದಲೇ ಬರೆಯಿರಿ.

● 700 ಎಂಬಿ ಎಂದು ಬರೆದ ಡಿಸ್ಕಿನಲ್ಲಿ 800 ಎಂಬಿಗೂ ಮೀರಿದ ಹಾಡು ಹಿಡಿಯುತ್ತದೆ! ಮಾಹಿತಿ ಬರೆಯುವಾಗ ಪ್ರತಿ ಖಾನೆಯಲ್ಲಿ 2,048 ಬೈಟ್ ಮಾತ್ರ ಬಳಕೆಗೆ ಸಿಗುತ್ತದೆ, ಉಳಿದದ್ದು ಬಹುಪಾಲು ತಪ್ಪು ತಿದ್ದುವ ಲೆಕ್ಕಕ್ಕೆ ಮೀಸಲು. ಹಾಡಿಗೆ ಖಾನೆಯ 2,352 ಬೈಟೂ ಸಿಗುತ್ತದೆ. ಒಂದಕ್ಷರ ತಪ್ಪಿದರೆ ದಾಖಲೆ ಕೆಡುತ್ತದೆ, ಹಾಡಿನಲ್ಲಿ ಒಂದು ಮಾದರಿ ತಪ್ಪಿದರೆ ಕಿವಿಗೆ ಗೊತ್ತಾಗುವುದೂ ಇಲ್ಲ. ಆದ್ದರಿಂದ ಎಂಬಿ ಲೆಕ್ಕ ಬಿಡಿ, ನಿಮಿಷದ ಲೆಕ್ಕ ಇಡಿ.

● ಆಡಿಯೋ ಸಿಡಿಯನ್ನು ಕಂಪ್ಯೂಟರಿಗೆ ಹಾಕಿ, ಕಾಣುವ ‘.ಸಿಡಿಎ’ ಕಡತಗಳನ್ನು ಪೆನ್‌ಡ್ರೈವಿಗೆ ಎಳೆದುಕೊಂಡವರು ಮನೆಗೆ ಹೋಗಿ ಪೆಚ್ಚಾಗುತ್ತಾರೆ. ಒಂದೊಂದರ ಗಾತ್ರ ಬರೀ 44 ಬೈಟ್. ಅದರೊಳಗೆ ಹಾಡಿಲ್ಲ, ಹಾಡು ಡಿಸ್ಕಿನಲ್ಲಿ ಎಲ್ಲಿ ಶುರುವಾಗುತ್ತದೆ ಎಂಬ ವಿಳಾಸವಿದೆ ಅಷ್ಟೇ. ನಿಜವಾಗಿ ಆಡಿಯೋ ಸಿಡಿಯಲ್ಲಿ ‘ಕಡತ’ ಎಂಬುದೇ ಇರುವುದಿಲ್ಲ.

ಹಾಡುಗಳನ್ನು ಜೋಡಿಸುವಾಗ

● ಸಿಡಿಯ ಅವಧಿ ಮೊದಲಿಗೆ 74 ನಿಮಿಷವಾದ ಕಥೆ ಗೊತ್ತೇ? ಸೋನಿಯ ನೊರಿಯೊ ಓಗಾ ಸ್ವತಃ ಸಂಗೀತ ಶಾಲೆಯಲ್ಲಿ ಕಲಿತ ಗಾಯಕ. ಬೀಥೋವನ್ನನ 9ನೆಯ ಸಿಂಫನಿ ಒಂದೇ ಡಿಸ್ಕಿನಲ್ಲಿ ಹಿಡಿಯಬೇಕೆಂದು ಪಟ್ಟು ಹಿಡಿದರು ಎನ್ನುವುದು ಜನಪ್ರಿಯ ಕಥೆ. ಫುರ್ಟ್‌ವೆಂಗ್ಲರ್ 1951ರಲ್ಲಿ ನಡೆಸಿಕೊಟ್ಟ ಕಛೇರಿಯ ರೆಕಾರ್ಡಿಂಗ್ 74 ನಿಮಿಷದ್ದು. ಫಿಲಿಪ್ಸ್‌ನಲ್ಲಿ ಸಿಡಿಗಾಗಿ ದುಡಿದ ಎಂಜಿನಿಯರ್ ಕೀಸ್ ಇಮ್ಮಿಂಕ್ ಇದನ್ನು ಒಪ್ಪುವುದಿಲ್ಲ. ಫಿಲಿಪ್ಸ್ ಬಳಗದ ಕಾರ್ಖಾನೆ 11.5 ಸೆಂಟಿಮೀಟರಿನ ಡಿಸ್ಕಿಗೆ ಆಗಲೇ ಸಜ್ಜಾಗಿತ್ತು, ಆ ಮುನ್ನಡೆಯನ್ನು ಕಳೆಯಲೆಂದೇ ಸೋನಿ 12 ಸೆಂಟಿಮೀಟರ್ ಕೇಳಿತು ಎಂಬುದು ಅವರ ವಾದ.

● ಈಗ ಅಂಗಡಿಯಲ್ಲಿ ಸಿಗುವ ಖಾಲಿ ಡಿಸ್ಕ್ ಸಾಮಾನ್ಯವಾಗಿ 80 ನಿಮಿಷದ್ದು. ಎರಡೂವರೆ ಗಂಟೆಯ ಕಛೇರಿ ಪೂರ್ತಿ ಹಿಡಿಯಲು ಎರಡು ಡಿಸ್ಕ್ ಬೇಕು. ರಾಗ–ತಾನ–ಪಲ್ಲವಿಯ ನಡುವೆ ಡಿಸ್ಕ್ ಬದಲಿಸುವ ಪ್ರಸಂಗ ಬರದಂತೆ ಪಟ್ಟಿಯನ್ನು ಮೊದಲೇ ಕೂಡಿ ನೋಡಿಕೊಳ್ಳಿ.

● ಒಂದು ಡಿಸ್ಕಿನಲ್ಲಿ ಹೆಚ್ಚೆಂದರೆ 99 ಟ್ರ್ಯಾಕ್. ಒಂದು ಟ್ರ್ಯಾಕ್ ಕನಿಷ್ಠ 4 ಸೆಕೆಂಡ್ ಇರಲೇಬೇಕು. ಮಕ್ಕಳ ಗಾದೆಗಳನ್ನು ಒಂದೊಂದು ಟ್ರ್ಯಾಕ್ ಮಾಡಹೊರಟವರು ಈ ನಿಯಮಕ್ಕೆ ಎಡವುತ್ತಾರೆ.

● ಬರ್ನ್ ಮಾಡುವ ವಿಧಾನ ಮುಖ್ಯವಾಗಿ ಎರಡು. ‘ಟ್ರ್ಯಾಕ್ ಅಟ್ ಒನ್ಸ್’ನಲ್ಲಿ ಪ್ರತಿ ಹಾಡಿನ ನಂತರ ಲೇಸರ್ ಆರಿ, ಮತ್ತೆ ಹೊತ್ತಿಕೊಳ್ಳುತ್ತದೆ. ಸಾಮಾನ್ಯವಾಗಿ ನಡುವೆ 2 ಸೆಕೆಂಡ್ ಮೌನ ಬಂದು ಕೂರುತ್ತದೆ. ‘ಡಿಸ್ಕ್ ಅಟ್ ಒನ್ಸ್’ನಲ್ಲಿ ಇಡೀ ಡಿಸ್ಕ್ ಒಂದೇ ಉಸಿರಿಗೆ ಮುಗಿಯುತ್ತದೆ. ಆಲಾಪನೆ ಒಂದು ಟ್ರ್ಯಾಕ್, ಕೃತಿ ಇನ್ನೊಂದು ಟ್ರ್ಯಾಕ್ ಎಂದು ಮಾಡಿ, ಹಿನ್ನೆಲೆಯಲ್ಲಿ ತಂಬೂರಿ ನಡೆಯುತ್ತಲೇ ಇದ್ದರೆ ಎರಡನೆಯ ವಿಧಾನವೇ ಬೇಕು. ಮೊದಲನೆಯದರಲ್ಲಿ ತಂಬೂರಿ 2 ಸೆಕೆಂಡ್ ಸತ್ತು ಹುಟ್ಟುತ್ತದೆ.

● ಡಿಸ್ಕ್ ಅಟ್ ಒನ್ಸ್ ಆರಿಸಿ, ನಡುವಣ ಮೌನವನ್ನು ಸೊನ್ನೆ ಮಾಡಿದರೂ ಹಾಡುಗಳ ಸಂಧಿಯಲ್ಲಿ ‘ಟಪ್’ ಎಂದಿತೇ? ಗುಟ್ಟು ಇರುವುದು 588 ಎಂಬ ಸಂಖ್ಯೆಯಲ್ಲಿ. ಸಿಡಿಯ ಒಂದು ಸೆಕೆಂಡಿನಲ್ಲಿ 75 ಖಾನೆ, ಖಾನೆಯೊಂದಕ್ಕೆ 588 ಮಾದರಿ. ಟ್ರ್ಯಾಕ್ ಶುರುವಾಗುವುದು ಖಾನೆಯ ಅಂಚಿನಲ್ಲೇ, ನಡುವೆ ಆಗದು. ನೀವು ಕತ್ತರಿಸಿದ ಕಡತ 588ರಿಂದ ನಿಶ್ಶೇಷವಾಗಿ ಭಾಗವಾಗದಿದ್ದರೆ ಮಿಕ್ಕ ಜಾಗಕ್ಕೆ ತಂತ್ರಾಂಶ ಸೊನ್ನೆ ತುಂಬುತ್ತದೆ. ಸೆಕೆಂಡಿನ 75ನೇ ಒಂದು ಪಾಲಿಗಿಂತ ಚಿಕ್ಕ ಆ ಮೌನವೇ ‘ಟಪ್’. ಆಡಾಸಿಟಿಯಲ್ಲಿ ಅಳತೆಯನ್ನು ಈ ಖಾನೆಗೆ, ಅಂದರೆ ಸಿಡಿ ಫ್ರೇಮಿಗೆ ಹೊಂದಿಸಿಕೊಂಡು ಕತ್ತರಿಸಿದರೆ ಈ ಪೀಡೆ ಇರುವುದಿಲ್ಲ.

● ‘ನಾರ್ಮಲೈಸ್’ ಒತ್ತಿದರೆ ಎಲ್ಲ ಹಾಡುಗಳ ದನಿ ಒಂದೇ ಮಟ್ಟಕ್ಕೆ ಬರುತ್ತದೆ ಎಂಬುದು ಬಲು ಹಳೆಯ ನಂಬಿಕೆ. ಅದು ಅಳೆಯುವುದು ಅತಿ ಎತ್ತರದ ಒಂದು ತುದಿಯನ್ನು ಮಾತ್ರ. ಒಂದು ಹಾಡಿನಲ್ಲಿ ತಬಲಾದ ಒಂದೇ ಪೆಟ್ಟು ಆ ತುದಿ ಮುಟ್ಟಿದ್ದರೆ ಹಾಡು ಏರುವುದೇ ಇಲ್ಲ. ಪಕ್ಕದ ಕೊಳಲಿನ ಹಾಡು ಮಾತ್ರ ಕಿವಿಗೆ ರಾಚುವಷ್ಟು ಏರುತ್ತದೆ. ಕಿವಿಗೆ ಸಮನಾಗಬೇಕಾದರೆ ‘ಲೌಡ್‌ನೆಸ್’ ಅಳೆಯುವ ಆಯ್ಕೆ ಬಳಸಬೇಕು, ಅಥವಾ ಕೂತು ಕೇಳಿ ಸರಿಪಡಿಸಬೇಕು.

● ಹಾಡಿನ ಮೊದಲ ಅಕ್ಷರಕ್ಕೆ ಮುಂಚೆ ಸುಮಾರು ಅರ್ಧ ಸೆಕೆಂಡ್ ಬಿಡಿ. ಕೆಲವು ಹಳೆಯ ಪ್ಲೇಯರುಗಳು ಟ್ರ್ಯಾಕ್ ಹುಡುಕಿ ದನಿ ಬಿಡುವುದರೊಳಗೆ ಪಲ್ಲವಿಯ ಮೊದಲಕ್ಷರ ನುಂಗಿಬಿಡುತ್ತವೆ.

● ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದೇ ಅದಕ್ಕೆ ಹೆಸರು. ಆ ಪೀಳಿಗೆಯವರು ಮನೆಯಲ್ಲೇ ತುಂಬಿಸಿಟ್ಟ ಕ್ಯಾಸೆಟ್ಟುಗಳನ್ನು ಈಗ ಸಿಡಿಗೆ ಇಳಿಸುವವರಿಗೊಂದು ಎಚ್ಚರಿಕೆ: 60 ನಿಮಿಷದ ಕ್ಯಾಸೆಟ್ ಒಂದು ಡಿಸ್ಕಿನಲ್ಲಿ ಹಾಯಾಗಿ ಕೂರುತ್ತದೆ. 90 ನಿಮಿಷದ್ದು ತುಂಬಿದ್ದರೆ 10 ನಿಮಿಷ ಹೊರಗುಳಿಯುತ್ತದೆ.

ಡಿಸ್ಕಿನ ಹೊಟ್ಟೆಯೊಳಗೆ

● ಗ್ರಾಮಫೋನ್ ತಟ್ಟೆಯ ಮುಳ್ಳು ಅಂಚಿನಿಂದ ಒಳಕ್ಕೆ ಸಾಗುತ್ತದೆ. ಸಿಡಿಯ ಲೇಸರ್ ಒಳಗಿನಿಂದ ಅಂಚಿಗೆ. ನೀವು ಬರೆದ ಸಿಡಿಯ ತಳವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಒಳಭಾಗದಲ್ಲೊಂದು ಬೇರೆ ಛಾಯೆಯ ಬಳೆ ಕಾಣುತ್ತದೆ. ಹಾಡು ಇರುವುದು ಅಷ್ಟರಲ್ಲೇ. 40 ನಿಮಿಷದ ಆಲ್ಬಮ್ಮಾದರೆ ಆ ಬಳೆಯ ಅಗಲ ಸುಮಾರು 2 ಸೆಂಟಿಮೀಟರ್. ಉಳಿದ 40 ನಿಮಿಷಕ್ಕೆ ಒಂದೂಕಾಲು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಜಾಗ ಸಾಕು, ಏಕೆಂದರೆ ಹೊರಗಿನ ಸುತ್ತುಗಳು ದೊಡ್ಡವು.

● ಅದೇ ಕಾರಣಕ್ಕೆ ಪ್ಲೇಯರಿನಲ್ಲಿ ಡಿಸ್ಕ್ ತಿರುಗುವ ವೇಗವೂ ಒಂದೇ ಇರುವುದಿಲ್ಲ. ಮೊದಲ ಹಾಡಿಗೆ ನಿಮಿಷಕ್ಕೆ ಸುಮಾರು 500 ಸುತ್ತು, ಅಂಚಿಗೆ ಬಂದಾಗ ಸುಮಾರು 200.

● ಸುತ್ತಿಗೂ ಸುತ್ತಿಗೂ ನಡುವಿನ ಅಂತರ 1.6 ಮೈಕ್ರೊಮೀಟರ್. ನಿಮ್ಮ ತಲೆಗೂದಲಿನ ಒಂದು ಎಳೆಯ ಅಗಲದಲ್ಲಿ 40ರ ಆಸುಪಾಸು ಸುತ್ತು ಹಿಡಿಯುತ್ತವೆ. ಇಡೀ ಸುರುಳಿಯನ್ನು ಬಿಡಿಸಿದರೆ ಉದ್ದ 5 ಕಿಲೋಮೀಟರಿಗೂ ಮೀರುತ್ತದೆ.

● ಖಾಲಿ ಡಿಸ್ಕ್ ನಿಜಕ್ಕೂ ಖಾಲಿಯಲ್ಲ. ಲೇಸರಿಗೆ ದಾರಿ ತೋರಿಸಲು ಕಾರ್ಖಾನೆಯಲ್ಲೇ ಒಂದು ಸುರುಳಿ ಕಾಲುವೆ ಕೊರೆದಿರುತ್ತಾರೆ. ಆ ಕಾಲುವೆ ನೆಟ್ಟಗಿಲ್ಲ, ಸಣ್ಣಗೆ ಬಳುಕುತ್ತದೆ. ಆ ಬಳುಕಿನಲ್ಲೇ ಡಿಸ್ಕಿನ ಅವಧಿ, ಯಾವ ಶಕ್ತಿಯ ಲೇಸರ್ ಬೇಕು ಎಂಬ ವಿವರ ಅಡಗಿದೆ.

● ಕಾರ್ಖಾನೆಯ ಸಿಡಿಯಲ್ಲಿ ಇರುವುದು ಅಚ್ಚೊತ್ತಿದ ಗುಳಿಗಳು. ಮನೆಯಲ್ಲಿ ಬರೆಯುವ ಸಿಡಿ-ಆರ್‌ನಲ್ಲಿ ಗುಳಿಯಿಲ್ಲ, ಬಣ್ಣದ ಪದರವಿದೆ. ಲೇಸರಿನ ಕಾವಿಗೆ ಬಣ್ಣ ಕೆಟ್ಟ ಕಡೆ ಬೆಳಕು ಸರಿಯಾಗಿ ಮರಳುವುದಿಲ್ಲ, ಪ್ಲೇಯರ್ ಅದನ್ನೇ ಗುಳಿ ಎಂದು ಓದಿಕೊಳ್ಳುತ್ತದೆ. ಜಪಾನಿನ ತಾಯೊ ಯೂಡೆನ್ ಕಂಪನಿ 1988ರಲ್ಲಿ ಇದನ್ನು ಸಾಧಿಸಿತು. ಡಿಸ್ಕಿನ ತಳ ಒಂದರದ್ದು ಹಸಿರು, ಇನ್ನೊಂದರದ್ದು ನೀಲಿ, ಮತ್ತೊಂದರದ್ದು ಹೊಂಬಣ್ಣ ಕಾಣುವುದು ಈ ಬಣ್ಣದ ಪದರ, ಅದರ ಮೇಲಿನ ಲೋಹಗಳಿಂದಲೇ.

● ಗುಳಿ ಎಂದರೆ 1, ಸಮತಟ್ಟು ಎಂದರೆ 0 ಎಂದು ಶಾಲೆಯಲ್ಲಿ ಕಲಿತಿದ್ದೀರಾ? ಅದು ಸರಿಯಲ್ಲ. ಗುಳಿಯ ಅಂಚೇ 1. ಗುಳಿಯೊಳಗೂ ಸಮತಟ್ಟಿನಲ್ಲೂ ಇರುವುದೆಲ್ಲ 0.

● ಮತ್ತೆ ಮತ್ತೆ ಬರೆಯಬಹುದಾದ ಸಿಡಿ-ಆರ್‌ಡಬ್ಲ್ಯೂ ಡಿಸ್ಕುಗಳನ್ನು ಹಂಚಲು ಹೋಗಬೇಡಿ. ಸಿಡಿ-ಆರ್ ಬಿದ್ದ ಬೆಳಕಿನಲ್ಲಿ ಶೇಕಡಾ 65ರಷ್ಟು ಹಿಂದಕ್ಕೆ ಕೊಟ್ಟರೆ, ಇದು ಕೊಡುವುದು ಶೇಕಡಾ 15ರಿಂದ 25. ಹಳೆಯ ಪ್ಲೇಯರುಗಳಿಗೆ ಅಷ್ಟು ಮಬ್ಬು ಬೆಳಕು ಕಾಣಿಸುವುದೇ ಇಲ್ಲ.

● ‘ಮ್ಯೂಸಿಕ್ ಸಿಡಿ-ಆರ್’ ಎಂದು ಹೆಚ್ಚು ಬೆಲೆಗೆ ಮಾರುತ್ತಿದ್ದ ಡಿಸ್ಕುಗಳಲ್ಲಿ ಇಂಪು ಹೆಚ್ಚಿರಲಿಲ್ಲ. ಕಂಪ್ಯೂಟರಿಲ್ಲದೆ ತಾನೇ ಸಿಡಿ ಬರೆಯುವ ಗೃಹಬಳಕೆಯ ರೆಕಾರ್ಡರುಗಳು ಈ ಡಿಸ್ಕಿನಲ್ಲಿರುವ ಗುರುತು ಕಂಡರೆ ಮಾತ್ರ ಕೆಲಸ ಮಾಡುತ್ತಿದ್ದವು. ಅಮೆರಿಕದಲ್ಲಿ 1992ರ ಕಾಯ್ದೆಯಂತೆ ಹಾಡು ಮಾಡಿದವರಿಗೆ ಸಲ್ಲುವ ಶುಲ್ಕವೂ ಆ ಬೆಲೆಯಲ್ಲಿ ಸೇರಿತ್ತು. ಕಂಪ್ಯೂಟರಿಗೆ ಮಾಮೂಲಿ ಡಿಸ್ಕೇ ಸಾಕು.

ಬಟನ್ ಒತ್ತಿದ ಮೇಲೆ

● ‘52 ಎಕ್ಸ್’ ಎಂಬ ವೇಗದಲ್ಲಿ ಡಿಸ್ಕ್ ನಿಮಿಷಕ್ಕೆ 10,000 ಸುತ್ತಿನ ಆಸುಪಾಸು ತಿರುಗುತ್ತದೆ. ಹಾಡಿಗೆ ಅಷ್ಟು ಅವಸರ ಬೇಡ. ಹಾಗೆಂದು ಅತಿ ನಿಧಾನವೇ ಅತ್ಯುತ್ತಮ ಎಂಬುದೂ ನಿಜವಲ್ಲ, ಈಗಿನ ಡಿಸ್ಕುಗಳ ಬಣ್ಣ ಬೇಗ ಬರೆಸಿಕೊಳ್ಳಲೆಂದೇ ಹದಗೊಂಡದ್ದು. 16 ಎಕ್ಸ್‌ನಲ್ಲಿ 80 ನಿಮಿಷದ ಡಿಸ್ಕ್ ಸುಮಾರು 5 ನಿಮಿಷಕ್ಕೆ ಮುಗಿಯುತ್ತದೆ, ಫಲಿತಾಂಶವೂ ಚೆನ್ನಾಗಿರುತ್ತದೆ.

● ಒಂದು ಕಾಲದಲ್ಲಿ ಸಿಡಿ ರೈಟ್ ಆಗುವಾಗ ಮನೆಮಂದಿಯೆಲ್ಲ ಕಂಪ್ಯೂಟರಿನ ಮೌಸ್ ಮುಟ್ಟದೆ ಕೂರುತ್ತಿದ್ದರು. ಲೇಸರ್ ಓಡುತ್ತಿರುವಾಗ ಕಂಪ್ಯೂಟರ್ ಒಂದು ಕ್ಷಣ ತಡವರಿಸಿದರೂ ಡಿಸ್ಕ್ ಹಾಳು. 2000ದಲ್ಲಿ ಸ್ಯಾನ್ಯೊ ಕಂಪನಿಯ ‘ಬರ್ನ್-ಪ್ರೂಫ್’ ತಂತ್ರ ಬಂತು. ನಿಂತ ಜಾಗವನ್ನು ನೆನಪಿಟ್ಟುಕೊಂಡು, ಅಲ್ಲಿಂದಲೇ ಮುಂದುವರಿಯುವುದನ್ನು ಡ್ರೈವುಗಳು ಕಲಿತವು.

● ನಮ್ಮ ಸೈಬರ್ ಸೆಂಟರುಗಳಲ್ಲೆಲ್ಲ ಇರುತ್ತಿದ್ದ ‘ನೀರೊ’ ತಂತ್ರಾಂಶದ ಗುರುತು ಹೊತ್ತಿ ಉರಿಯುವ ಕೊಲೊಸಿಯಂ. ರೋಮ್ ಉರಿದದ್ದು ಕ್ರಿ.ಶ. 64ರಲ್ಲಿ, ನೀರೊ ಸತ್ತದ್ದು 68ರಲ್ಲಿ. ಕೊಲೊಸಿಯಂ ಕಟ್ಟಲು ಶುರುವಾದದ್ದು ಅದರ ನಂತರ!

● ‘ಫೈನಲೈಸ್’ ಎಂಬ ಆಯ್ಕೆಯನ್ನು ಮರೆತರೆ ಡಿಸ್ಕಿನ ಒಳ ಅಂಚಿನಲ್ಲಿ ಪರಿವಿಡಿ ಅಚ್ಚಾಗುವುದಿಲ್ಲ. ಹಾಡೆಲ್ಲ ಒಳಗೇ ಇದ್ದರೂ ಕಾರಿನ ಪ್ಲೇಯರ್ ‘ಡಿಸ್ಕ್ ಇಲ್ಲ’ ಎನ್ನುತ್ತದೆ. ಡಿಸ್ಕ್ ಅಟ್ ಒನ್ಸ್ ವಿಧಾನದಲ್ಲಿ ಈ ಕೆಲಸ ತಾನಾಗಿ ಆಗುತ್ತದೆ.

● ಗೀರು ಬಿದ್ದ ಸಿಡಿಯೂ ಹಾಡುವುದು ಹೇಗೆ? ಹಾಡಿನ ಅಂಕಿಗಳನ್ನು ಒಂದೇ ಕಡೆ ಇಡದೆ ಚದುರಿಸಿ, ಜೊತೆಗೆ ತಪ್ಪು ತಿದ್ದುವ ಲೆಕ್ಕ ಇಟ್ಟಿರುತ್ತಾರೆ. ಇರ್ವಿಂಗ್ ರೀಡ್, ಗುಸ್ಟಾವ್ ಸಾಲಮನ್ ಎಂಬ ಗಣಿತಜ್ಞರು 1960ರಲ್ಲಿ ಕಂಡುಕೊಂಡ ಲೆಕ್ಕವದು. ಸುರುಳಿಯ ಗುಂಟ ಸುಮಾರು 2.5 ಮಿಲಿಮೀಟರ್ ಉದ್ದ ಅಳಿಸಿಹೋದರೂ ಪೂರ್ತಿ ಮರಳಿ ಬರುತ್ತದೆ. ವಾಯೇಜರ್ ನೌಕೆ ದೂರದ ಗ್ರಹಗಳಿಂದ ಚಿತ್ರ ಕಳಿಸಿದ್ದೂ ಇದೇ ಲೆಕ್ಕದ ನೆರವಿನಿಂದ.

ಹೆಸರು, ಹಕ್ಕು

● 1902ರ ನವೆಂಬರಿನಲ್ಲಿ ರೆಕಾರ್ಡಿಂಗ್ ತಜ್ಞ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಅವರ ಹಾಡು ಹಿಡಿದಾಗ, ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನವರಿಗೆ ಯಾರ ಹಾಡೆಂದು ಗೊತ್ತಾಗಬೇಕಿತ್ತು. 80 ವರ್ಷದ ನಂತರ, 1982ರ ಆಗಸ್ಟ್ 17ರಂದು ಮಾರಾಟಕ್ಕಾಗಿ ಸಿಡಿ ಅಚ್ಚಾಗಲು ಶುರುವಾದದ್ದೂ ಅದೇ ಹ್ಯಾನೋವರಿನ ಮಗ್ಗುಲ ಲಾಂಗೆನ್‌ಹಾಗೆನ್‌ನಲ್ಲಿ. ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಸ್ಥಾನದಲ್ಲಿದ್ದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

● ಈಗ ಹೆಸರು ಕೂಗಬೇಕಿಲ್ಲ, ‘ಸಿಡಿ-ಟೆಕ್ಸ್ಟ್’ ಇದೆ. 1996ರಲ್ಲಿ ಸೇರಿಸಿದ ಈ ಸೌಲಭ್ಯದಲ್ಲಿ ಹಾಡು, ಹಾಡುಗಾರರ ಹೆಸರು ಡಿಸ್ಕಿನ ಒಳ ಅಂಚಿನಲ್ಲಿ ಕೂರುತ್ತದೆ. ಆದರೆ ಅದು ಬಲ್ಲದ್ದು ರೋಮನ್ ಅಕ್ಷರ, ಮತ್ತೆ ಜಪಾನಿ. ಕನ್ನಡ ಲಿಪಿಗೆ ಅಲ್ಲಿ ಜಾಗವಿಲ್ಲ. ಪುರಂದರದಾಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು.

● ಕಂಪ್ಯೂಟರಿಗೆ ಸಿಡಿ ಹಾಕಿದೊಡನೆ ಹಾಡುಗಳ ಹೆಸರು ಬರುತ್ತದಲ್ಲ, ಅದು ಹೆಚ್ಚಿನ ಸಲ ಡಿಸ್ಕಿನಿಂದ ಬಂದದ್ದಲ್ಲ. ತಂತ್ರಾಂಶ ಪ್ರತಿ ಟ್ರ್ಯಾಕ್ ಎಲ್ಲಿ ಶುರುವಾಗುತ್ತದೆಂದು ಅಳೆದು, ಆ ಅಳತೆಯಿಂದಲೇ ಡಿಸ್ಕನ್ನು ಗುರುತಿಸಿ, ಅಂತರಜಾಲದ ಕೋಶದಿಂದ ಹೆಸರು ತರುತ್ತದೆ. ನಿಮ್ಮ ಮನೆಯ ಸಿಡಿಯ ವಿವರವನ್ನು ‘ಮ್ಯೂಸಿಕ್‌ಬ್ರೇನ್ಸ್’ ಕೋಶಕ್ಕೆ ನೀವೇ ಸೇರಿಸಬಹುದು, ಅಲ್ಲಿ ಕನ್ನಡ ಲಿಪಿಗೆ ಅಡ್ಡಿಯಿಲ್ಲ.

● ಮಾರಲೆಂದು ಮಾಡುವ ಹಾಡಿಗೆ ಒಂದು ಅಂತರರಾಷ್ಟ್ರೀಯ ಗುರುತು ಸಂಖ್ಯೆ ಇರುತ್ತದೆ: ‘ಐಎಸ್‌ಆರ್‌ಸಿ’. ಒಟ್ಟು 12 ಅಕ್ಷರ–ಅಂಕಿ, ಕೊನೆಯ ಐದು ಆ ಹಾಡಿನ ಸರದಿ. ಒಂದೇ ಹಾಡನ್ನು ಎರಡು ಸಲ ಬೇರೆಬೇರೆಯಾಗಿ ಹಾಡಿದರೆ ಎರಡು ಗುರುತು ಬೇಕು. ಗುರುತು ರೆಕಾರ್ಡಿಂಗಿನದು, ರಚನೆಯದಲ್ಲ.

● ಕವಿ ತೀರಿಕೊಂಡ ಮೇಲೂ 60 ವರ್ಷ ಕವಿತೆಯ ಹಕ್ಕು ಉಳಿಯುತ್ತದೆ. ದ.ರಾ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆಗಳನ್ನು ಸಿಡಿ ಮಾಡಿ ಮಾರುವವರು 2041 ಮುಗಿಯುವವರೆಗೆ ಹಕ್ಕುದಾರರ ಒಪ್ಪಿಗೆ ಪಡೆಯಬೇಕು. ದಾಸರ ಪದಗಳಿಗೆ ಈ ತೊಡಕಿಲ್ಲ. ಆದರೆ ಅದಕ್ಕೆ ಈ ಕಾಲದವರು ಹಾಕಿದ ಹೊಸ ಧಾಟಿಗೆ ಹಕ್ಕಿದೆ.

● ಬೇರೆಯವರು ಆಗಲೇ ರೆಕಾರ್ಡ್ ಮಾಡಿಸಿದ ಹಾಡನ್ನು ನೀವು ಮತ್ತೆ ಹಾಡಿ ಮಾರಲು ಭಾರತದ ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಂ ದಾರಿ ಕೊಡುತ್ತದೆ. ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದ ಮೇಲೆ ಐದು ವರ್ಷ ಕಾದಿರಬೇಕು, ಮುಂಗಡ ನೋಟಿಸು ಕೊಡಬೇಕು, ಇದು ಮರುಹಾಡಿಕೆ ಎಂದು ಹೊದಿಕೆಯ ಮೇಲೆ ನಮೂದಿಸಬೇಕು, ಕನಿಷ್ಠ 50,000 ಪ್ರತಿಗಳ ಗೌರವಧನ ಕಟ್ಟಬೇಕು! ಚಿಕ್ಕ ಓದುಗ–ಕೇಳುಗ ವಲಯದ ಭಾಷೆಗಳಿಗೆ ಈ ಸಂಖ್ಯೆ ತಗ್ಗಿಸಲು ಅದೇ ಕಲಂನಲ್ಲಿ ಅವಕಾಶವಿದೆ. ಹಕ್ಕುದಾರರನ್ನು ನೇರವಾಗಿ ಕೇಳಿ ಒಪ್ಪಂದ ಮಾಡಿಕೊಳ್ಳುವ ದಾರಿ ಇದ್ದೇ ಇದೆ.

● ಹೊದಿಕೆಯ ಮೇಲೆ ವರ್ತುಲದೊಳಗಿನ ‘ಸಿ’ ಜೊತೆಗೆ ವರ್ತುಲದೊಳಗಿನ ‘ಪಿ’ ಕಂಡಿದ್ದೀರಾ? ಮೊದಲನೆಯದು ಬರಹ, ಚಿತ್ರಗಳ ಹಕ್ಕಿಗೆ. ಎರಡನೆಯದು ರೆಕಾರ್ಡಿಂಗಿನ ಹಕ್ಕಿಗೆ. ಹೊರತರುವ ಸಿಡಿಯ ಮೇಲೆ ರೆಕಾರ್ಡಿಂಗ್ ಮಾಡಿದವರ ಮತ್ತು ಹಕ್ಕುದಾರರ ಹೆಸರು, ವಿಳಾಸ, ಮೊದಲು ಪ್ರಕಟವಾದ ವರ್ಷ ಇರಬೇಕೆಂದು ನಮ್ಮ ಕಾಯ್ದೆ ಹೇಳುತ್ತದೆ.

ಬಾಳಿಕೆ

● ಎಲ್ಲರೂ ಜೋಪಾನ ಮಾಡುವುದು ಹೊಳೆಯುವ ತಳವನ್ನು. ನಿಜವಾಗಿ ನಾಜೂಕಾದದ್ದು ಹೆಸರು ಬರೆಯುವ ಮೇಲ್ಮೈ. ತಳದ ಕಡೆ ಒಂದು ಮಿಲಿಮೀಟರಿಗೂ ದಪ್ಪನೆಯ ಪ್ಲಾಸ್ಟಿಕ್ಕಿದೆ. ಮೇಲಿನ ಕಡೆ ತೆಳುವಾದ ವಾರ್ನಿಷ್, ಅದರಡಿಯೇ ಲೋಹದ ಪದರ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಹಾಡಿನ ಮೇಲೇ ಗೀಚಿದ ಹಾಗೆ. ಡಿಸ್ಕಿಗೆಂದೇ ಇರುವ ಮೆತ್ತನೆ ತುದಿಯ ಪೆನ್ ಬಳಸಿ.

● ಅಂಟಿಸುವ ದುಂಡು ಲೇಬಲ್ ಚೆಂದ ಕಾಣುತ್ತದೆ, ಆದರೆ ಕೂದಲೆಳೆಯಷ್ಟು ಅತ್ತಿತ್ತ ಕೂತರೂ ತಿರುಗುವಾಗ ಡಿಸ್ಕ್ ಅದುರುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2003ರ ತನ್ನ ಕೈಪಿಡಿಯಲ್ಲಿ ಲೇಬಲ್ ಅಂಟಿಸಬೇಡಿ, ಡಿಸ್ಕನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ ಎಂದಿದೆ.

● ಒರೆಸುವಾಗ ಸುತ್ತ ತಿರುಗಿಸಬೇಡಿ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಅಡ್ಡ ಬಿದ್ದ ಗೀರು ಪ್ರತಿ ಸುತ್ತಿನಲ್ಲಿ ಚೂರೇ ಅಳಿಸುತ್ತದೆ, ಅದನ್ನು ಪ್ಲೇಯರ್ ತಿದ್ದಿಕೊಳ್ಳುತ್ತದೆ. ಸುತ್ತಿನ ಗುಂಟ ಬಿದ್ದ ಗೀರು ಒಂದೇ ಕಡೆ ಸಾಲುಗಟ್ಟಲೆ ಅಳಿಸಿಬಿಡುತ್ತದೆ.

● ಸಿಡಿ-ಆರ್‌ನ ಶತ್ರು ಬಿಸಿಲು. ಬೆಳಕಿಗೆ ಬದಲಾಗುವುದೇ ಆ ಬಣ್ಣದ ಗುಣವಾದ್ದರಿಂದ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ಡಿಸ್ಕಿಗೆ ಆಯಸ್ಸು ಕಡಿಮೆ.

● ಪ್ರತಿಗಳನ್ನು ಹೊರಡಿಸುವ ಮೊದಲು ಒಂದೇ ಒಂದು ಡಿಸ್ಕ್ ಬರೆಯಿರಿ. ಅದನ್ನು ಕಂಪ್ಯೂಟರಿನಲ್ಲಲ್ಲ, ಕಾರಿನ ಪ್ಲೇಯರಿನಲ್ಲೂ ಮನೆಯ ಹಳೆಯ ಪ್ಲೇಯರಿನಲ್ಲೂ ಮೊದಲಿನಿಂದ ಕೊನೆಯವರೆಗೆ ಕೇಳಿ. ಟ್ರ್ಯಾಕಿನ ಸಂಧಿ, ದನಿಯ ಏರಿಳಿತ, ಹೆಸರಿನ ಕಾಗುಣಿತ ಇವೆಲ್ಲ ಬಯಲಾಗುವುದು ಆಗಲೇ.

● ಕೊನೆಯದಾಗಿ: ಸಿಡಿ ನಿಮ್ಮ ಆಲ್ಬಮ್ಮಿನ ಮೂಲಪ್ರತಿಯಲ್ಲ. ಅದರಲ್ಲಿರುವುದು 16 ಬಿಟ್‌ಗೆ ಇಳಿಸಿ, ಎಲ್ಲ ವಾದ್ಯ ಬೆರೆಸಿ, ಎರಡೇ ವಾಹಿನಿಯಾಗಿ ಮಾಡಿದ ದನಿ. ನಾಳೆ ಹಾರ್ಮೋನಿಯಂ ಒಂದನ್ನೇ ಕೊಂಚ ತಗ್ಗಿಸಬೇಕೆಂದರೆ ಡಿಸ್ಕಿನಿಂದ ಅದನ್ನು ಬಿಡಿಸಲಾಗದು. ಬೇರೆಬೇರೆ ಟ್ರ್ಯಾಕುಗಳಿರುವ 24 ಬಿಟ್‌ನ ಕಡತಗಳನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ, ಎರಡು ಮನೆಯಲ್ಲಿ ಇಟ್ಟಿರಿ. ಅವಿದ್ದರೆ ಸಿಡಿಯನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು.